ಔಲಿಯೋ, ಸೋಲಂಗೋ? ಹುಬ್ಬಳ್ಳಿ-ಧಾರವಾಡದಿಂದ ಮೊದಲ ಸಲ ಸ್ಕೀಯಿಂಗ್‌ಗೆ ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಮನೆಯಲ್ಲಿ ಈ ಜಗಳ ಶುರುವಾಗಿದ್ದು ಒಂದು ಭಾನುವಾರ ಸಂಜೆ, ಧಾರವಾಡದ ಸಪ್ತಾಪುರದಲ್ಲಿ, ಗಿರ್ಮಿಟ್ ತಿನ್ನುತ್ತಾ. ನಾನು ಫೋನಿನಲ್ಲಿ ಔಲಿಯ ಫೋಟೊ ತೋರಿಸುತ್ತಿದ್ದೆ. ನಮ್ಮ ಭಾವ ಮನಾಲಿ ಪಕ್ಕದ ಸೋಲಂಗ್‌ನ ವಿಡಿಯೊ ಹಚ್ಚಿಕೊಂಡು ಕೂತಿದ್ದರು. ಎರಡರಲ್ಲೂ ಬೆಳ್ಳಗೆ ಹಿಮ, ಎರಡರಲ್ಲೂ ನಗುವ ಜನ. ಹೆಂಡತಿ ಚಹಾ ತಂದಿಟ್ಟು ಕೇಳಿದಳು: "ಹಿಮಾ ನೋಡಾಕ ಹೊಂಟೀವೋ, ಸ್ಕೀ ಕಲಿಯಾಕ ಹೊಂಟೀವೋ? ಮೊದ್ಲ ಅದನ್ ಹೇಳ್ರಿ."

ಇಬ್ಬರೂ ಉತ್ತರ ಕೊಡಲಿಲ್ಲ. ಆ ವರ್ಷ ಸೋಲಂಗ್‌ಗೆ ಹೋಗಿ ಬಂದೆವು. ಎರಡು ವರ್ಷ ಬಿಟ್ಟು ಔಲಿಗೆ ಹೋದೆವು. ಎರಡನ್ನೂ ನೋಡಿದ ಮೇಲೆ ಗೊತ್ತಾಗಿದ್ದು, ಆ ಪ್ರಶ್ನೆಯನ್ನು ಮೊದಲೇ ಬಿಡಿಸಿಕೊಂಡಿದ್ದರೆ ಅರ್ಧ ದುಡ್ಡು, ಪೂರ್ತಿ ಜಗಳ ಉಳಿಯುತ್ತಿತ್ತು.

ಕಾಶ್ಮೀರದ ಗುಲ್ಮಾರ್ಗ್ ಯಾಕೆ ಬೇಡ ಅಂತ ಕೇಳುತ್ತೀರಿ. ಬೇಡ ಅಂತಲ್ಲ. ಅದು ದೊಡ್ಡ ಜಾಗ, ಅಲ್ಲಿಯ ಗೊಂಡೊಲಾ (ತಂತಿಗೆ ತೂಗಿಬಿಟ್ಟ ಡಬ್ಬಿಗಾಡಿ) ಸುಮಾರು 3,980 ಮೀಟರ್ ಎತ್ತರದವರೆಗೆ ಹೋಗುತ್ತದೆ, ಅದರ ಲೆಕ್ಕಾಚಾರವೇ ಬೇರೆ. ಇಲ್ಲಿ ಎರಡು ಸಣ್ಣ ಜಾಗಗಳ ಮಾತು ಮಾತ್ರ.

ಹಂತ 1: ನೋಡಲಿಕ್ಕೋ, ಕಲಿಯಲಿಕ್ಕೋ

ಸ್ಕೀಯಿಂಗ್ ಅರ್ಧ ಗಂಟೆಯಲ್ಲಿ ಬರುವ ವಿದ್ಯೆ ಅಲ್ಲ. ಮೊದಲ ದಿನ ಬೀಳುವುದು, ಏಳುವುದು, ಅಡ್ಡಡ್ಡ ಹೆಜ್ಜೆ ಇಟ್ಟು ಇಳಿಜಾರು ಹತ್ತುವುದು. ಇಷ್ಟರಲ್ಲೇ ದಿನ ಮುಗಿಯುತ್ತದೆ. ಎರಡನೇ ದಿನ ಬ್ರೇಕು: ಸ್ಕೀಗಳ, ಅಂದರೆ ಬೂಟಿನ ಕೆಳಗೆ ಸಿಕ್ಕಿಸುವ ಉದ್ದ ಪಟ್ಟಿಗಳ, ಮುಂದಿನ ತುದಿ ಹತ್ತಿರ ತಂದು, ಹಿಂದಿನ ತುದಿ ಅಗಲಿಸಿ, ತಲೆಕೆಳಗಾದ 'ವಿ' ಮಾಡಿ ನಿಲ್ಲಿಸುವುದು. ಕಲಿಸುವವರು ದಿನವಿಡೀ "ವಿ ಬನಾವೋ, ವಿ ಬನಾವೋ" ಅಂತ ಕೂಗುತ್ತಲೇ ಇರುತ್ತಾರೆ. ಮೂರನೇ ದಿನ ತಿರುಗುವುದು. ಖುಷಿ ಅನ್ನುವುದು ಬರುವುದು ನಾಲ್ಕನೇ ದಿನ. ಆದ್ದರಿಂದ ನನ್ನ ಲೆಕ್ಕ ಸರಳ. ಹಿಮದ ಮೇಲೆ ನಾಲ್ಕು ಪೂರ್ತಿ ದಿನ ಸಿಗದಿದ್ದರೆ ಅದನ್ನು ಸ್ಕೀ ಪ್ರವಾಸ ಅನ್ನಬೇಡಿ. ಹಿಮ ನೋಡುವ ಪ್ರವಾಸ ಅನ್ನಿ. ಅದೂ ಚೆನ್ನಾಗಿಯೇ ಇರುತ್ತದೆ, ಆದರೆ ಅದಕ್ಕೆ ಬೇರೆ ಊರು ಬೇಕು.

ನಮ್ಮ ಮೊದಲ ಪ್ರವಾಸದಲ್ಲಿ ಏಜೆಂಟ್ ಕೊಟ್ಟ ಕಾಗದದಲ್ಲಿ 'ಸ್ಕೀಯಿಂಗ್ ಸೇರಿದೆ' ಅಂತ ಬರೆದಿತ್ತು. ಸೇರಿದ್ದು ನಿಜ. ಒಬ್ಬ ಹುಡುಗ ಕೈ ಹಿಡಿದು ಎಳೆದುಕೊಂಡು ಹೋಗಿ, ಎರಡು ಸಲ ಜಾರಿಸಿ, ಫೋಟೊ ತೆಗೆದು ಕಳಿಸಿದ. ಒಟ್ಟು ಹದಿನೈದು ನಿಮಿಷ. ಪ್ಯಾಕೇಜಿನ ಸ್ಕೀಯಿಂಗ್ ಅಷ್ಟೇ, ಮಿಕ್ಕಿದ್ದನ್ನು ನಾವೇ ಹೊಂದಿಸಿಕೊಂಡೆವು.

ಹಂತ 2: ಎರಡು ಊರುಗಳ ಪರಿಚಯ

ಔಲಿ ಇರುವುದು ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿ, ಜೋಶಿಮಠದ ಮೇಲ್ಗಡೆ. ಇಳಿಜಾರು ಸುಮಾರು 2,500 ಮೀಟರ್‌ನಿಂದ 3,050 ಮೀಟರ್‌ವರೆಗೆ ಹಬ್ಬಿದೆ. ಎದುರಿಗೇ ನಂದಾದೇವಿ, 7,816 ಮೀಟರ್. 2011ರಲ್ಲಿ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟ ನಡೆದಿದ್ದು ಡೆಹ್ರಾಡೂನ್ ಮತ್ತು ಇಲ್ಲಿ. ಅರೆಸೇನೆ ಐಟಿಬಿಪಿಯ ಸ್ಕೀ ತರಬೇತಿ ಸಂಸ್ಥೆಯೂ ಇಲ್ಲೇ ಇದೆ. ಗಢವಾಲ್ ಮಂಡಲ ವಿಕಾಸ ನಿಗಮ ಇಲ್ಲಿ 7 ದಿನ ಮತ್ತು 14 ದಿನದ ಸ್ಕೀ ಕೋರ್ಸ್ ನಡೆಸಿಕೊಂಡು ಬಂದಿದೆ. ಊರು ಅನ್ನುವಂಥದ್ದೇನೂ ಇಲ್ಲ. ನಾಲ್ಕಾರು ಹೋಟೆಲ್, ಮ್ಯಾಗಿ ಅಂಗಡಿ, ಹಿಮ.

ಸೋಲಂಗ್ ಹಿಮಾಚಲದ ಕುಲ್ಲು ಜಿಲ್ಲೆಯಲ್ಲಿದೆ. ಮನಾಲಿಯಿಂದ 13-14 ಕಿಲೋಮೀಟರ್, ಎತ್ತರ ಸುಮಾರು 2,500 ಮೀಟರ್. ಮನಾಲಿಯ ಪರ್ವತಾರೋಹಣ ಸಂಸ್ಥೆ ತನ್ನ ಸ್ಕೀ ಕೋರ್ಸ್‌ಗಳನ್ನು ಇಲ್ಲೇ ಮಾಡುತ್ತದೆ. ಆದರೆ ಪ್ರವಾಸಿಗಳಿಗೆ ಸೋಲಂಗ್ ಅಂದರೆ ಜಾತ್ರೆ. ಟ್ಯೂಬಿನಲ್ಲಿ ಜಾರುವವರು, ಸ್ನೋ ಸ್ಕೂಟರ್, ಪ್ಯಾರಾಗ್ಲೈಡಿಂಗ್, ಜೋಳದ ತೆನೆ ಸುಡುವವರು. ಇವರ ನಡುವೆ ನೀವು ಸ್ಕೀ ಕಲಿಯಬೇಕು. ಉಳವಿ ಜಾತ್ರೆಯಲ್ಲಿ ಸೈಕಲ್ ಕಲಿತ ಹಾಗೆ.

ಬುಡದ ಎತ್ತರ ಎರಡಕ್ಕೂ ಹತ್ತಿರಹತ್ತಿರ ಒಂದೇ. ಆದರೆ ಔಲಿಯಲ್ಲಿ ಮೇಲಕ್ಕೆ ಇನ್ನೂ 500 ಮೀಟರ್ ಇಳಿಜಾರಿದೆ. ಸಾವಿರ ಮೀಟರ್ ಹತ್ತಿದರೆ ಸುಮಾರು ಆರು ಡಿಗ್ರಿ ತಂಪಾಗುತ್ತದೆ. ಅಂದರೆ 500 ಮೀಟರ್‌ಗೆ ಮೂರು ಡಿಗ್ರಿ. ಕೆಳಗೆ ಮಳೆ ಬೀಳುವ ದಿನ ಮೇಲೆ ಹಿಮ ಬೀಳಲು ಎಷ್ಟೋ ಸಲ ಈ ಮೂರು ಡಿಗ್ರಿ ಸಾಕು.

ಹಂತ 3: ಹುಬ್ಬಳ್ಳಿಯಿಂದ ದಿನ ಎಣಿಸಿ

ಒಂದು ಹಾಳೆ ತೆಗೆದುಕೊಳ್ಳಿ. ಮೇಲೆ ನಿಮ್ಮ ರಜೆಯ ದಿನಗಳನ್ನು ಬರೆಯಿರಿ. ಕೆಳಗೆ ಎರಡು ಕಂಬ ಎಳೆಯಿರಿ.

ಸೋಲಂಗ್ ಕಂಬ. ಯಶವಂತಪುರದಿಂದ ಚಂಡೀಗಢಕ್ಕೆ ಹೋಗುವ ಕರ್ನಾಟಕ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ವಾರಕ್ಕೆ ಎರಡು ದಿನ ಹುಬ್ಬಳ್ಳಿ ಮೇಲೇ ಹಾಯುತ್ತದೆ. ರೈಲಿನಲ್ಲಿ ಎರಡು ರಾತ್ರಿ. ಚಂಡೀಗಢದಿಂದ ಮನಾಲಿ ಸುಮಾರು 300 ಕಿಲೋಮೀಟರ್, ರಾತ್ರಿ ಬಸ್ ಸಿಗುತ್ತದೆ. ವಿಮಾನದಲ್ಲಾದರೆ ದೆಹಲಿಗೆ ಇಳಿದು ಅಲ್ಲಿಂದ ವೋಲ್ವೊ. ಹುಬ್ಬಳ್ಳಿಯಿಂದ ದೆಹಲಿಗೆ ನೇರ ವಿಮಾನ ಇದ್ದ ಕಾಲವೂ ಉಂಟು, ಇಲ್ಲದ ಕಾಲವೂ ಉಂಟು. ಟಿಕೆಟ್ ತೆಗೆಯುವ ದಿನವೇ ನೋಡಿ, ಬೆಳಗಾವಿಯನ್ನೂ ಮರೆಯಬೇಡಿ.

ಔಲಿ ಕಂಬ. ಡೆಹ್ರಾಡೂನ್‌ನ ಜಾಲಿ ಗ್ರಾಂಟ್ ವಿಮಾನ ನಿಲ್ದಾಣ, ಇಲ್ಲವೇ ಹರಿದ್ವಾರ-ಋಷಿಕೇಶದವರೆಗೆ ರೈಲು. ಅಲ್ಲಿಂದ ಜೋಶಿಮಠಕ್ಕೆ ಸುಮಾರು 250 ಕಿಲೋಮೀಟರ್ ಬೆಟ್ಟದ ದಾರಿ. ಒಂಬತ್ತು ಹತ್ತು ಗಂಟೆ ಹಿಡಿಯಿರಿ. ಬೆಳಗಿನ ಜಾವ ಬಿಟ್ಟರೆ ಮಾತ್ರ ಬೆಳಕಿರುವಾಗ ಮುಟ್ಟುತ್ತೀರಿ. ದಾರಿಯಲ್ಲಿ ದೇವಪ್ರಯಾಗ, ರುದ್ರಪ್ರಯಾಗ, ಕರ್ಣಪ್ರಯಾಗ, ನಂದಪ್ರಯಾಗ. ನಮ್ಮ ಅವ್ವನಿಗೆ ಸ್ಕೀಯಿಂಗ್‌ಗಿಂತ ಈ ದಾರಿಯೇ ಹೆಚ್ಚು ಹಿಡಿಸಿತು. ಆದರೆ ಹೊಟ್ಟೆ ತೊಳಸುವವರಿಗೆ ಇದು ಶಿಕ್ಷೆ. ಮಾತ್ರೆ ಮೊದಲೇ ನುಂಗಿ.

ಜೋಶಿಮಠದಿಂದ ಔಲಿಗೆ ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ರೋಪ್‌ವೇ ಇದೆ. ಹಳೆಯ ವಿಡಿಯೊಗಳಲ್ಲೆಲ್ಲ ಅದನ್ನೇ ತೋರಿಸುತ್ತಾರೆ. ಜೋಶಿಮಠದಲ್ಲಿ ನೆಲ ಕುಸಿದು ಮನೆಗಳು ಬಿರುಕು ಬಿಟ್ಟಾಗ, 2023ರ ಜನವರಿಯಲ್ಲಿ ಅದನ್ನು ನಿಲ್ಲಿಸಿದರು. ನಾವು ಹೋದಾಗ ಜೀಪೇ ಗತಿ. ಹೊಸ ಹಿಮ ಬಿದ್ದ ದಿನ ಟಯರಿಗೆ ಸರಪಳಿ ಕಟ್ಟಿ, ತಿರುವಿನಲ್ಲಿ ನಿಂತು ನಿಂತು ಹೋದೆವು. ಕುರ್ಚಿಯಲ್ಲಿ ಕೂರಿಸಿ ಇಳಿಜಾರಿನ ಮೇಲಕ್ಕೆ ಒಯ್ಯುವ, ಔಲಿಯೊಳಗಿನ ಸುಮಾರು 800 ಮೀಟರ್‌ನ ಚೇರ್‌ಲಿಫ್ಟ್ ಬೇರೆ, ಈ ರೋಪ್‌ವೇ ಬೇರೆ. ಎಷ್ಟೋ ಜನ ಎರಡನ್ನೂ ಒಂದೇ ಅಂದುಕೊಂಡು ಹೋಟೆಲ್ ಹಿಡಿಯುತ್ತಾರೆ.

ನಾನು ಹಾಕಿದ ಲೆಕ್ಕ: ಒಂಬತ್ತು ದಿನ ರಜೆ, ದೆಹಲಿವರೆಗೆ ವಿಮಾನ. ಸೋಲಂಗ್‌ಗೆ ಹೋದರೆ ಹಿಮದ ಮೇಲೆ ಐದು ದಿನ, ಔಲಿಗೆ ಹೋದರೆ ನಾಲ್ಕು. ಮೇಲ್ನೋಟಕ್ಕೆ ಸೋಲಂಗ್ ಗೆದ್ದಿತು ಅಲ್ವಾ? ಈಗ ದಿನದ ಬದಲು ಗಂಟೆ ಎಣಿಸಿ. ಮನಾಲಿಯಲ್ಲಿ ಉಳಿದು ದಿನಾ ಸೋಲಂಗ್‌ಗೆ ಓಡಾಡಬೇಕು. ಹಿಮ ಬಿದ್ದ ದಿನ ಪೊಲೀಸರು ಸಾಮಾನ್ಯ ಕಾರುಗಳನ್ನು ದಾರಿಯಲ್ಲೇ ತಡೆದು, ಫೋರ್ ಬೈ ಫೋರ್ ಗಾಡಿಗಳನ್ನಷ್ಟೇ ಬಿಡುವುದುಂಟು. ಜಾಮ್‌ನಲ್ಲಿ ಕೂತು, ಅಂಗಡಿಯಲ್ಲಿ ಬಟ್ಟೆ ಬಾಡಿಗೆ ಹಿಡಿದು, ಇಳಿಜಾರು ಮುಟ್ಟುವಷ್ಟರಲ್ಲಿ ಹನ್ನೊಂದೂವರೆ. ನಮಗೆ ದಿನಕ್ಕೆ ಮೂರು ಗಂಟೆ ಸಿಕ್ಕಿತು. ಔಲಿಯಲ್ಲಿ ಇಳಿಜಾರಿನ ಮಗ್ಗುಲಲ್ಲೇ ಕೋಣೆ. ಐದು ಗಂಟೆ ಆರಾಮಾಗಿ ಸಿಕ್ಕಿತು. ಐದು ಮೂರಲೆ ಹದಿನೈದು, ನಾಲ್ಕು ಐದಲೆ ಇಪ್ಪತ್ತು. ಭಾವ ಇವತ್ತಿಗೂ ಈ ಲೆಕ್ಕ ಒಪ್ಪುವುದಿಲ್ಲ. ಅವರು ಸೋಲಂಗ್ ಹಳ್ಳಿಯಲ್ಲೇ ಕೋಣೆ ಹಿಡಿಯಬಹುದಿತ್ತು ಅನ್ನುತ್ತಾರೆ. ಅದು ನ್ಯಾಯವಾದ ಮಾತೇ. ಸೋಲಂಗ್ ಆರಿಸಿದರೆ ಹಾಗೇ ಮಾಡಿ.

ಹಂತ 4: ತಿಂಗಳು

ನಮ್ಮ ಮಕ್ಕಳ ದೊಡ್ಡ ರಜೆ ಏಪ್ರಿಲ್-ಮೇ. ಆಗ ಎರಡೂ ಕಡೆ ಸ್ಕೀಗೆ ಹಿಮ ಇರುವುದಿಲ್ಲ. ಕ್ರಿಸ್‌ಮಸ್ ರಜೆಯಲ್ಲಿ ಹೋದರೆ ಜೂಜು. ಜನವರಿ ಕೊನೆಯಿಂದ ಫೆಬ್ರುವರಿ ಮಧ್ಯದವರೆಗೆ ಒಳ್ಳೆಯ ಕಾಲ. ಶಾಲೆಗೆ ಐದು ದಿನ ತಪ್ಪುತ್ತದೆ, ತಪ್ಪಲಿ. ಹತ್ತನೇ ತರಗತಿಯವರಿದ್ದರೆ ಮಾತ್ರ ಆ ವರ್ಷ ಬಿಟ್ಟುಬಿಡಿ.

ಹಂತ 5: ಕೆಟ್ಟ ದಿನಕ್ಕೆ ಊರು ಆರಿಸಿ

ಒಳ್ಳೆಯ ದಿನ ಎರಡು ಊರೂ ಚಂದವೇ. ಎಂಟು ಇಂಚು ಹೊಸ ಹಿಮ, ನೀಲಿ ಆಕಾಶ ಇದ್ದರೆ ಎಲ್ಲಿದ್ದರೂ ನಗುತ್ತೀರಿ. ಹಿಮವೇ ಬೀಳದಿದ್ದರೆ, ಇಲ್ಲವೇ ಬಿದ್ದು ದಾರಿ ಮುಚ್ಚಿದರೆ ಎಲ್ಲಿರಲು ಇಷ್ಟ? ಅದನ್ನು ಮೊದಲು ಕೇಳಿಕೊಳ್ಳಿ.

ಅಲ್ಲಿಯ ಹಿಮ ಬರುವುದು ನಮ್ಮ ಮುಂಗಾರಿನ ಹಾಗೆ ಒಂದೇ ಹದಕ್ಕೆ ಅಲ್ಲ. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಬೀಸಿ ಬರುವ ಪಶ್ಚಿಮದ ಮಾರುತಗಳು ಒಂದೊಂದಾಗಿ ಬಂದು ಹಿಮ ಸುರಿಸಿ ಹೋಗುತ್ತವೆ. ಟಿವಿಯವರು ವೆಸ್ಟರ್ನ್ ಡಿಸ್ಟರ್ಬೆನ್ಸ್ ಅನ್ನುವುದು ಇದಕ್ಕೇ. ಎರಡು ಮಾರುತಗಳ ನಡುವೆ ಹತ್ತು ದಿನ ಬಿಸಿಲು ಕಾಯಬಹುದು. ಮೃಗಶಿರ ಮಳೆ ಕೈಕೊಟ್ಟಾಗ ನಮ್ಮ ರೈತರು ಆಕಾಶ ನೋಡುವ ಹಾಗೆ ಅಲ್ಲಿಯ ಹೋಟೆಲಿನವರು ನೋಡುತ್ತಾ ಕೂರುತ್ತಾರೆ. ಔಲಿಯಲ್ಲಿ ಹಿಮ ಸಾಲದೆ ಸ್ಪರ್ಧೆಗಳನ್ನೇ ರದ್ದು ಮಾಡಿದ್ದುಂಟು. ಕೃತಕ ಹಿಮಕ್ಕೆಂದು ಅಲ್ಲೊಂದು ಕೆರೆ ಕಟ್ಟಿ, ಯಂತ್ರಗಳನ್ನೂ ತಂದಿದ್ದಾರೆ. ಅದನ್ನು ನಂಬಿ ಟಿಕೆಟ್ ತೆಗೆಯಬೇಡಿ. ಆ ಯಂತ್ರ ಕೆಲಸ ಮಾಡಬೇಕಾದರೂ ಗಾಳಿ ಸೊನ್ನೆ ಡಿಗ್ರಿಯ ಹತ್ತಿರಕ್ಕೋ ಕೆಳಕ್ಕೋ ಇಳಿದಿರಬೇಕು.

ಸೋಲಂಗ್‌ನಲ್ಲಿ ಹಿಮ ಇಲ್ಲದಿದ್ದರೆ ಅಟಲ್ ಸುರಂಗ ಹಾಯ್ದು ಲಾಹೌಲ್ ಕಡೆಗೆ ಹೋಗಬಹುದು. 2020ರ ಅಕ್ಟೋಬರ್‌ನಲ್ಲಿ ತೆರೆದ 9.02 ಕಿಲೋಮೀಟರ್ ಸುರಂಗ ಅದು. ಈ ಕಡೆ ಬರಿಯ ನೆಲ, ಆ ಕಡೆ ಬಾಯಿ ದಾಟಿದರೆ ಬಿಳುಪು. ನಮ್ಮ ಮಗಳು ಅಲ್ಲೇ ಮೊದಲ ಸಲ ಹಿಮ ಮುಟ್ಟಿದ್ದು. ಮುಟ್ಟಿ, ಮೂಸಿ ನೋಡಿ, "ಫ್ರಿಜ್ಜಿನ ವಾಸನೆ" ಅಂದಳು. ಭಾರಿ ಹಿಮ ಬಿದ್ದ ದಿನ ಮಾತ್ರ ಅತ್ತ ಬಿಡುವುದಿಲ್ಲ. ಅಂಥ ದಿನ ಮನಾಲಿಯಲ್ಲೇ 1553ರ ಹಿಡಿಂಬಾ ದೇವಸ್ಥಾನ, ವಶಿಷ್ಠದ ಬಿಸಿನೀರಿನ ಕುಂಡ, ಬಜಾರು ಇದೆ. ಬೇಸರ ಆಗುವುದಿಲ್ಲ.

ಔಲಿಯಲ್ಲಿ ಹಿಮ ಇಲ್ಲದಿದ್ದರೆ ಗೋರ್ಸೋನ್ ಬುಗ್ಯಾಲ್ ಅನ್ನುವ ಹುಲ್ಲುಗಾವಲಿಗೆ ನಡೆದು ಹೋಗಬಹುದು. ಜೋಶಿಮಠಕ್ಕೆ ಇಳಿದು ನರಸಿಂಹ ದೇವಸ್ಥಾನ ನೋಡಬಹುದು. ಬದರಿನಾಥದ ಬಾಗಿಲು ಮುಚ್ಚಿದ ಮೇಲೆ ಶಂಕರಾಚಾರ್ಯರ ಗದ್ದುಗೆ ಚಳಿಗಾಲದಲ್ಲಿ ಇರುವುದು ಅಲ್ಲೇ. ಅಷ್ಟಕ್ಕೆ ಪಟ್ಟಿ ಮುಗಿಯಿತು. ಬೆಟ್ಟ ನೋಡುತ್ತಾ ಸುಮ್ನೆ ಕೂರಲು ಬರುವವರಿಗೆ ಅದು ಸ್ವರ್ಗ. ನಮ್ಮ ಭಾವನಂಥವರಿಗೆ ಎರಡನೇ ದಿನಕ್ಕೇ ಜೈಲು.

ಹಂತ 6: ಹಿಮದ ಮೇಲೆ ನಿಂತವರಿಗೆ ಫೋನ್ ಮಾಡಿ

ಏಜೆಂಟ್‌ಗೆ ಕೇಳಬೇಡಿ. "ಫುಲ್ ಸ್ನೋ ಐತಿ ಸರ್" ಅನ್ನುವುದೇ ಅವನ ಕಸುಬು. ನೀವು ಉಳಿಯಬೇಕೆಂದಿರುವ ಹೋಟೆಲ್, ಕಲಿಸುವವರು, ಸಾಧ್ಯವಾದರೆ ಒಬ್ಬ ಜೀಪ್ ಡ್ರೈವರ್, ಈ ಮೂವರಿಗೆ ಮಾಡಿ. ಹಿಂದಿಯಲ್ಲೇ ಮಾತಾಡಬೇಕು. "ಹಿಮ ಇದೆಯಾ?" ಅಂತ ಕೇಳಿದರೆ "ಇದೆ" ಅನ್ನುವ ಉತ್ತರವೇ ಬರುತ್ತದೆ, ಗುಡ್ಡದ ತುದಿಯಲ್ಲಿ ಯಾವಾಗಲೂ ಇದ್ದೇ ಇರುತ್ತದೆ. ಹೀಗೆ ಕೇಳಿ: ಕಲಿಯುವವರ ಇಳಿಜಾರಿನಲ್ಲಿ ನೆಲದ ಮೇಲೆ ಎಷ್ಟು ನಿಂತಿದೆ, ಮೊಣಕಾಲೋ, ಪಾದವೋ? ಕೊನೆಯ ಸಲ ಬಿದ್ದು ಎಷ್ಟು ದಿನ ಆಯಿತು? ಚೇರ್‌ಲಿಫ್ಟ್ ಇವತ್ತು ಓಡಿತಾ? ನಿನ್ನೆ ಗಾಡಿ ಎಲ್ಲಿವರೆಗೆ ಬಂತು? ಹುಲ್ಲಿನ ಇಳಿಜಾರಿಗೆ ಗಟ್ಟಿಯಾಗಿ ಕೂತ ಒಂದು ಅಡಿ ಹಿಮ ಇದ್ದರೆ ಕಲಿಯಲು ಸಾಕು. ಪಾದ ಮುಳುಗುವಷ್ಟು ಅಂದರೆ ಮಧ್ಯಾಹ್ನಕ್ಕೆ ಕಲ್ಲು ಎದ್ದು ಕಾಣುತ್ತವೆ ಅಂತ ತಿಳಿಯಿರಿ.

ಕೊನೆಗೆ, ಇವತ್ತು ತೆಗೆದ ಒಂದು ವಿಡಿಯೊ ವಾಟ್ಸ್‌ಆ್ಯಪ್ ಮಾಡಿ ಅನ್ನಿ. ಕಳಿಸಿದವರ ಹತ್ತಿರ ಬುಕ್ ಮಾಡಿ. "ನೆಟ್‌ವರ್ಕ್ ಇಲ್ಲ ಸರ್" ಅಂದವರನ್ನು ಬಿಡಿ. ಫೋನ್ ಹತ್ತಿದೆ ಅಂದ ಮೇಲೆ ನೆಟ್‌ವರ್ಕ್ ಇದೆ.

ಹಂತ 7: ಜೊತೆಗೆ ಯಾರಿದ್ದಾರೆ

ಮೊಣಕಾಲು ನೋವಿನ ಹಿರಿಯರು, ಐದಾರು ವರ್ಷದ ಮಕ್ಕಳು, ಸಕ್ಕರೆ ಕಾಯಿಲೆ, ಬಿಪಿ ಇದ್ದವರು ಇದ್ದರೆ ನಾನು ಎರಡು ಮಾತಿಲ್ಲದೆ ಸೋಲಂಗ್ ಅನ್ನುತ್ತೇನೆ. ಮನಾಲಿಯಲ್ಲಿ ಆಸ್ಪತ್ರೆ, ಔಷಧ ಅಂಗಡಿ ಎಲ್ಲ ಕೈಗೆಟುಕುತ್ತವೆ. ಔಲಿಯಿಂದ ಜೋಶಿಮಠಕ್ಕೆ ಇಳಿಯಬೇಕು, ದೊಡ್ಡ ಆಸ್ಪತ್ರೆ ಬೇಕೆಂದರೆ ಗಂಟೆಗಟ್ಟಲೆ ದಾರಿ. ಹುಬ್ಬಳ್ಳಿ-ಧಾರವಾಡ ಇರುವುದು ಏಳುನೂರು ಮೀಟರ್ ಆಸುಪಾಸಿನಲ್ಲಿ. ಅಲ್ಲಿಂದ 2,500 ಮೀಟರ್ ದಾಟಿದಾಗ ಕೆಲವರಿಗೆ ತಲೆನೋವು, ನಿದ್ದೆ ಬಾರದಿರುವುದು ಸಹಜ. ಮೊದಲ ದಿನ ಓಡಾಡಬೇಡಿ, ನೀರು ಜಾಸ್ತಿ ಕುಡಿಯಿರಿ. ವಾಂತಿ ಶುರುವಾದರೆ, ಇಲ್ಲವೇ ನಡಿಗೆ ತೂರಾಡಿದರೆ ಕಾಯಬೇಡಿ, ಕೂಡಲೇ ಕೆಳಗಿಳಿದು ಡಾಕ್ಟರಿಗೆ ತೋರಿಸಿ.

ಹತ್ತು ವರ್ಷ ಮೇಲಿನ ಮಕ್ಕಳು, ಗಟ್ಟಿಮುಟ್ಟಾದ ದೊಡ್ಡವರು, ಏಳು ದಿನದ ಕೋರ್ಸ್ ಮಾಡುವ ಮನಸ್ಸು ಇದ್ದರೆ ಔಲಿ.

ಹಂತ 8: ಬೂಟು

ಇದನ್ನು ನಿಧಾನವಾಗಿ ಓದಿ. ಯಾವ ಊರು ಆರಿಸಿದರೂ ಪ್ರವಾಸ ಕೆಡುವುದು ಇಲ್ಲೇ.

ಸೋಲಂಗ್‌ನಲ್ಲಿ ನಾನು ಚಳಿಗೆ ಹೆದರಿ ಎರಡು ಜೊತೆ ಉಣ್ಣೆ ಸಾಕ್ಸ್ ಹಾಕಿದ್ದೆ. ಬೂಟು ಬಿಗಿ ಅನ್ನಿಸಿತು, ಬಾಡಿಗೆ ಅಂಗಡಿಯವನು ಒಂದು ಸೈಜ್ ದೊಡ್ಡದು ಕೊಟ್ಟ. ಆಹಾ, ಆರಾಮ ಅಂದುಕೊಂಡೆ. ಇಳಿಯುವಾಗ ಪಾದ ಒಳಗೆ ಮುಂದಕ್ಕೆ ಜಾರಿ ಜಾರಿ ಬಡಿಯಿತು. ಮೂರನೇ ದಿನ ಎರಡೂ ಹೆಬ್ಬೆರಳಿನ ಉಗುರು ಕಪ್ಪು. ಆಮೇಲೆ ಯುಗಾದಿವರೆಗೂ ಚಪ್ಪಲಿಯಲ್ಲೇ ಆಫೀಸಿಗೆ ಹೋದೆ.

ಸರಿಯಾದ ರೀತಿ ಇದು. ಮನೆಯಲ್ಲೇ ಗೋಡೆಗೆ ಹಿಮ್ಮಡಿ ಒತ್ತಿ ನಿಂತು ಪಾದದ ಉದ್ದ ಸೆಂಟಿಮೀಟರ್‌ನಲ್ಲಿ ಅಳೆದು ಬರೆದುಕೊಳ್ಳಿ. ಸ್ಕೀ ಬೂಟಿನ ಸೈಜ್ ಅದೇ. 26.5 ಸೆಂಟಿಮೀಟರ್ ಪಾದಕ್ಕೆ 26.5ರ ಬೂಟು. ಒಂದೇ ಜೊತೆ ಸಾಕ್ಸ್, ತೆಳು, ಮೊಣಕಾಲಿನ ಕೆಳಗಿನವರೆಗೆ ಬರುವಂಥದ್ದು. ಪ್ಯಾಂಟು, ಥರ್ಮಲ್‌ನ ತುದಿ ಬೂಟಿನೊಳಗೆ ತುರುಕಬೇಡಿ, ಆ ಮಡಿಕೆ ಕಣಕಾಲನ್ನು ಕೊರೆಯುತ್ತದೆ. ಕಾಲು ಹಾಕಿ ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ. ನೆಟ್ಟಗೆ ನಿಂತಾಗ ಬೆರಳ ತುದಿ ಮುಂದಕ್ಕೆ ಮೆಲ್ಲಗೆ ತಾಗಬೇಕು. ಬಕಲ್ ಹಾಕಿ ಮೊಣಕಾಲು ಮುಂದಕ್ಕೆ ಬಾಗಿಸಿದರೆ ಬೆರಳು ಹಿಂದೆ ಸರಿಯಬೇಕು, ಹಿಮ್ಮಡಿ ಮೇಲೇಳಬಾರದು. ಹತ್ತು ನಿಮಿಷ ಅಂಗಡಿಯಲ್ಲೇ ಓಡಾಡಿ. ನಡಿಗೆ ವಿಚಿತ್ರ ಅನ್ನಿಸುತ್ತದೆ. ಮಳೆಗಾಲದಲ್ಲಿ ಗದಗ ಕಡೆಯ ಎರೆ ಹೊಲ ದಾಟುವಾಗ ಮಣ್ಣು ಮೆತ್ತಿ ಕಾಲು ಭಾರವಾಗುತ್ತದಲ್ಲ, ಥೇಟ್ ಹಾಗೆ. ಅದು ಸರಿ. ನೋವಾದರೆ ಮಾತ್ರ ಬದಲಿಸಿ.

ಸ್ಕೀ ಉದ್ದ ಗದ್ದದಿಂದ ಮೂಗಿನ ನಡುವೆ ಇರಲಿ. ಇನ್ನು ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್. ಬಿದ್ದಾಗ ಇದು ಬಿಚ್ಚಿಕೊಳ್ಳಬೇಕು, ಬಿಚ್ಚದಿದ್ದರೆ ಮೊಣಕಾಲು ತಿರುಚುತ್ತದೆ. ಅದರ ಮೇಲೊಂದು ಅಂಕಿ ಇರುತ್ತದೆ. ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಎಷ್ಟು ಬರುತ್ತದೆ ಎಂಬುದನ್ನೆಲ್ಲ ನೋಡಿ ಅದನ್ನು ತಿರುಗಿಸಬೇಕು. ಅಂಗಡಿಯವನು ತೂಕ ಕೇಳದೆ ಸ್ಕೀ ಕೈಗಿಟ್ಟರೆ ನೀವೇ ಹೇಳಿ, ಅವನು ಸ್ಕ್ರೂಡ್ರೈವರ್ ತೆಗೆಯುವವರೆಗೆ ಕದಲಬೇಡಿ. ತೂಕ ಹೇಳುವಾಗ ನಾಚಿಕೊಂಡು ಐದು ಕಿಲೋ ಇಳಿಸಬೇಡಿ.

ಹಂತ 9: ಊರಲ್ಲೇ ಮಾಡಿಕೊಳ್ಳುವ ತಯಾರಿ

ಆರು ವಾರ ಮೊದಲೇ ಕಾಲು ಗಟ್ಟಿ ಮಾಡಿ. ಹುಬ್ಬಳ್ಳಿಯವರಿಗೆ ನೃಪತುಂಗ ಬೆಟ್ಟ ಇದೆ, ಧಾರವಾಡದವರಿಗೆ ವಿಶ್ವವಿದ್ಯಾಲಯದ ಏರುದಾರಿ. ಹತ್ತುವುದಕ್ಕಿಂತ ಇಳಿಯುವಾಗ ಗಮನ ಕೊಡಿ, ಸ್ಕೀಯಲ್ಲಿ ನೋಯುವುದು ಇಳಿಯುವ ಸ್ನಾಯುಗಳೇ. ಗೋಡೆಗೆ ಬೆನ್ನು ಆನಿಸಿ ಕುರ್ಚಿಯಿಲ್ಲದೆ ಕುರ್ಚಿಯಂತೆ ಕೂರಿ. ಒಂದೂವರೆ ನಿಮಿಷ ತಡೆದರೆ ಹೊರಡಲು ಅಡ್ಡಿಯಿಲ್ಲ. ಸ್ಕೇಟಿಂಗ್ ಬಲ್ಲ ಮಕ್ಕಳು ನಿಮಗಿಂತ ಬೇಗ ಕಲಿಯುತ್ತಾರೆ, ಮಾನಸಿಕವಾಗಿ ಸಿದ್ಧರಾಗಿ.

ಸ್ವೆಟರ್‌ಗೆ ದೂರ ಹೋಗಬೇಕಿಲ್ಲ, ಚಳಿಗಾಲದಲ್ಲಿ ಟಿಬೆಟಿಯನ್ನರು ಮಾರಲು ಕೂರುತ್ತಾರೆ, ಮುಂಡಗೋಡವೂ ಹತ್ತಿರವೇ. ಥರ್ಮಲ್, ನೀರು ಹಿಡಿಯದ ಕೈಗವಸು, ಕಪ್ಪು ಕನ್ನಡಕ, ಸನ್‌ಸ್ಕ್ರೀನ್ ಸ್ವಂತದ್ದಿರಲಿ. ಹೊಸ ಹಿಮ ಬಿಸಿಲಿನ ಅತಿನೇರಳೆ ಕಿರಣಗಳಲ್ಲಿ ಶೇ 80ರಷ್ಟನ್ನು ಮುಖಕ್ಕೇ ತಿರುಗಿ ಎರಚಬಲ್ಲದು. ಜೀನ್ಸ್ ಬೇಡವೇ ಬೇಡ, ಒದ್ದೆಯಾದರೆ ಒಣಗುವುದಿಲ್ಲ. ಹೊರಗಿನ ಕೋಟು ಬಾಡಿಗೆಗೆ ಸಿಗುತ್ತದೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಅಂಟಿನುಂಡೆ ಕಟ್ಟಿಕೊಳ್ಳಿ. ಔಲಿಯಲ್ಲಿ ಎಂಟನೇ ಮ್ಯಾಗಿ ಎದುರು ಬಂದಾಗ ಅವುಗಳ ಬೆಲೆ ಗೊತ್ತಾಗುತ್ತದೆ.

ಹಂತ 10: ದುಡ್ಡು, ಬುಕಿಂಗ್

ಪ್ಯಾಕೇಜಿನ ಒಟ್ಟು ಮೊತ್ತ ನೋಡಿ ಮರುಳಾಗಬೇಡಿ. ಹಂತ 3ರಲ್ಲಿ ಎಣಿಸಿದ ಹಿಮದ ಗಂಟೆಗಳಿಂದ ಅದನ್ನು ಭಾಗಿಸಿ, ಆಗ ಯಾವುದು ಅಗ್ಗ ಅಂತ ಕಾಣುತ್ತದೆ. ಸ್ಕೀ, ಬೂಟು, ಲಿಫ್ಟ್, ಕಲಿಸುವವರ ಶುಲ್ಕ, ಊಟ, ಇದರಲ್ಲಿ ಯಾವುದು ಸೇರಿದೆ, ಒಬ್ಬ ಗುರುವಿಗೆ ಎಷ್ಟು ಜನ ಶಿಷ್ಯರು ಎಂಬುದನ್ನು ಬರೆದು ಕಳಿಸಲು ಹೇಳಿ. ಪ್ರವಾಸದ ವಿಮೆ ಮಾಡಿಸುವಾಗ ಸ್ಕೀಯಿಂಗ್ ಒಳಗೊಂಡಿದೆಯೇ ಅಂತ ಓದಿ. ಎಷ್ಟೋ ಪಾಲಿಸಿಗಳಲ್ಲಿ ಸಾಹಸ ಕ್ರೀಡೆ ಹೊರಗೇ ಇರುತ್ತದೆ.

ಬುಕಿಂಗ್‌ಗೂ ಒಂದು ಸಾಲು ಇದೆ. ಮೊದಲು ಕೋರ್ಸ್ ಅಥವಾ ಕಲಿಸುವವರ ದಿನಾಂಕ, ಆಮೇಲೆ ರೈಲು-ವಿಮಾನ, ಕೊನೆಗೆ ಕೋಣೆ. ನಾವು ತಿರುಗುಮುರುಗು ಮಾಡಿ ಒಂದು ದಿನ ಸುಮ್ನೆ ಕಳೆದುಕೊಂಡೆವು. ಹಿಂದಿರುಗುವಾಗ ಬೆಟ್ಟದಿಂದ ಇಳಿದ ದಿನವೇ ವಿಮಾನ ಇಟ್ಟುಕೊಳ್ಳಬೇಡಿ, ನಡುವೆ ಒಂದು ರಾತ್ರಿ ಋಷಿಕೇಶದಲ್ಲೋ ಚಂಡೀಗಢದಲ್ಲೋ ಇರಲಿ. ದಾರಿ ಮುಚ್ಚಿದರೆ ಆ ಒಂದು ದಿನವೇ ಟಿಕೆಟ್ ಉಳಿಸುವುದು.

ಹೊರಡುವ ಹಿಂದಿನ ರಾತ್ರಿ ಕಾಲುಗುರು ಕತ್ತರಿಸಿಕೊಳ್ಳಿ.